ಸಹಿಯ ಸಾಚಾತನ: ಅಂತರಜಾಲದಲ್ಲಿ ಹಸ್ತಾಕ್ಷರ ಕೊಳ್ಳುವವರು ಅರಿತಿರಬೇಕಾದುದು

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ವೈದ್ಯ ಮಿತ್ರರು ಪ್ರತಿವರ್ಷವೂ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ ಮೊದಲಾದವುಗಳ ಬಗ್ಗೆ ಉಪಯುಕ್ತ ಲೇಖನಗಳನ್ನು ಬರೆಯುತ್ತ ಬಂದಿದ್ದಾರೆ. ನಾನು ವಾಣಿಜ್ಯ ಶಾಸ್ತ್ರದ ಪದವೀಧರ. ದೇಹದ ರೋಗಗಳ ವಿಷಯ ನನಗೆ ತಿಳಿಯದು. ಆದರೆ ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಕುಳಿತು ದಿನವೂ ನೋಡುತ್ತ ಬಂದಿರುವ ಒಂದು ವಸ್ತುವಿದೆ. ಅದು ಸಹಿ. ಸಹಿಗೂ ಆರೋಗ್ಯವುಂಟು, ಅನಾರೋಗ್ಯವುಂಟು. ಆಲ್ಕಾಪುರಿಯ ನಮ್ಮ ಕನ್ನಡ ಬಂಧುಗಳಲ್ಲಿ ಕೆಲವರು ಈಚೆಗೆ ಹೆಸರಾಂತ ಸಾಹಿತಿಗಳ, ನಟರ, ಕ್ರಿಕೆಟ್ ಆಟಗಾರರ ಹಸ್ತಾಕ್ಷರಗಳನ್ನು ಅಂತರಜಾಲದ ಮೂಲಕ ಕೊಳ್ಳುತ್ತಿರುವುದನ್ನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ, ಮೋಸಹೋದವರಲ್ಲಿಯೂ ಒಬ್ಬ. ಆದುದರಿಂದ ಈ ಲೇಖನ.

ನನ್ನದೇ ಒಂದು ಅನುಭವ

ನಮ್ಮ ತಂದೆಯವರು ಧಾರವಾಡದಲ್ಲಿ ಓದಿದವರು, ಬೇಂದ್ರೆಯವರ ಪರಮ ಅಭಿಮಾನಿ. ಅವರಿಗೆ ಎಪ್ಪತ್ತೈದು ತುಂಬಿದಾಗ ಏನಾದರೂ ವಿಶೇಷವಾದ ಉಡುಗೊರೆ ಕೊಡಬೇಕೆಂದು ಹಂಬಲಿಸಿ, ಬೇಂದ್ರೆಯವರ ಸಹಿಯುಳ್ಳದ್ದೆಂದು ಅಂತರಜಾಲದಲ್ಲಿ ಮಾರಾಟಕ್ಕಿಟ್ಟಿದ್ದ ಒಂದು ಕವನ ಸಂಕಲನವನ್ನು 4,500 ರೂಪಾಯಿ ತೆತ್ತು ತರಿಸಿದೆ. ಜೊತೆಗೆ ಬಂಗಾರದ ಬಣ್ಣದ ಅಂಚುಳ್ಳ ಪ್ರಮಾಣಪತ್ರವೂ ಇತ್ತು. ತಂದೆಯವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ಸಹಿಯನ್ನು ನೋಡಿದರು. ಆಮೇಲೆ, ಓದುಗರ ಹಳೆಯ ಅಭ್ಯಾಸದಂತೆ, ಮುದ್ರಣದ ವಿವರವಿರುವ ಪುಟವನ್ನು ತಿರುವಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಪುಸ್ತಕ ಅಚ್ಚಾಗೋ ಮುಂದ ಬೇಂದ್ರೆ ಅಜ್ಜಾವ್ರು ಇದ್ದಿದ್ದೇ ಇಲ್ಲಲ್ಲೋ ತಮ್ಮಾ" ಎಂದರು.

ಬೇಂದ್ರೆಯವರು ತೀರಿಕೊಂಡದ್ದು 1981ರ ಅಕ್ಟೋಬರ್ 26ರಂದು. ನನ್ನ ಕೈಯಲ್ಲಿದ್ದ ಪ್ರತಿ ಆ ಬಳಿಕ ಮರುಮುದ್ರಣಗೊಂಡದ್ದು. ಸಾವಿರಾರು ಚೆಕ್ಕುಗಳ ಸಹಿಯನ್ನು ಪರೀಕ್ಷಿಸಿದ ಅಧಿಕಾರಿ ಮಗನು ಸಹಿಯ ಸೊಬಗನ್ನು ನೋಡಿ ಮರುಳಾಗಿದ್ದ. ನಿವೃತ್ತ ಶಾಲಾ ಶಿಕ್ಷಕರಾದ ತಂದೆ ತಾರೀಖನ್ನು ನೋಡಿ ಸತ್ಯವನ್ನು ಕಂಡರು. ಹುಟ್ಟುಹಬ್ಬದ ದಿನಕ್ಕೆಂದು ಪೊಟ್ಟಣವನ್ನು ಬಿಚ್ಚದೆ ಇಟ್ಟಿದ್ದರಿಂದ ಹಿಂತಿರುಗಿಸುವ ಗಡುವೂ ಮೀರಿತ್ತು. ಹಣ ಹೋಯಿತು. ಹಣಕ್ಕಿಂತಲೂ ಹೆಚ್ಚಾಗಿ, ಸಂತೋಷಪಡಿಸಬೇಕೆಂದಿದ್ದ ಹಿರಿಯರ ಮುಖ ಬಾಡಿದ್ದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಮಾದರಿ ಸಹಿಯೆಂಬ ಅಡಿಗಲ್ಲು

ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ನಾವು ನಿರ್ಣಯಿಸುವುದು ಖಾತೆದಾರರು ನಮ್ಮ ಎದುರಿಗೆ ಹಾಕಿಕೊಟ್ಟ ಮಾದರಿ ಸಹಿಯೊಡನೆ ಹೋಲಿಸಿ. ಮಾದರಿಯೇ ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಹಸ್ತಾಕ್ಷರ ಸಂಗ್ರಹಕಾರನಿಗೂ ಇದೇ ಮೊದಲ ಪಾಠ. ಆದರೆ ಆ ಮಾದರಿ ಸಾಚಾ ಎಂಬುದಕ್ಕೆ ಆಧಾರವೇನು ಎಂಬ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ.

1983ರ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯ 'ಸ್ಟರ್ನ್' ಪತ್ರಿಕೆಯು ಹಿಟ್ಲರನ ದಿನಚರಿಗಳು ದೊರೆತಿವೆಯೆಂದು ಜಗತ್ತಿಗೆಲ್ಲ ಸಾರಿತು. ಅವುಗಳಿಗಾಗಿ ಪತ್ರಿಕೆ 90 ಲಕ್ಷ ಮಾರ್ಕುಗಳಿಗೂ ಹೆಚ್ಚು ಹಣ ಸುರಿದಿತ್ತು. ಅಕ್ಷರ ತಜ್ಞರು ಪರೀಕ್ಷಿಸಿ ಒಪ್ಪಿಗೆಯನ್ನೂ ಕೊಟ್ಟಿದ್ದರು. ಅವರು ಎಡವಿದ್ದು ಎಲ್ಲಿ? ಹೋಲಿಕೆಗೆಂದು ಅವರ ಕೈಗೆ ಬಂದ ಹಿಟ್ಲರನ 'ನಿಜವಾದ' ಬರಹಗಳಲ್ಲಿಯೇ ಕೆಲವು ಅದೇ ವಂಚಕ ಕೊನ್ರಾಡ್ ಕುಜಾವ್‌ನ ಕೈಬರಹಗಳಾಗಿದ್ದವು! ಖೋಟಾ ವಸ್ತುವನ್ನು ಖೋಟಾ ಮಾದರಿಯೊಡನೆ ಹೋಲಿಸಿದರೆ ಹೊಂದಿಕೆ ಬರುವುದು ಸಹಜವೇ. ಕೊನೆಗೆ ಮೋಸವನ್ನು ಬಯಲಿಗೆಳೆದ ಸಾಕ್ಷಿಗಳಲ್ಲಿ ಮುಖ್ಯವಾದುದು ಕಾಗದ. ಅದರಲ್ಲಿ ಎರಡನೆಯ ಮಹಾಯುದ್ಧದ ನಂತರ ಬಳಕೆಗೆ ಬಂದ ಬಿಳುಪುಕಾರಕ ರಾಸಾಯನಿಕವಿತ್ತು.

ಇಂದು ನಾವು ಮಾಡುವುದೂ ಇದನ್ನೇ. ಅಂತರಜಾಲದಲ್ಲಿ ಹೆಸರು ಹುಡುಕಿದಾಗ ತೆರೆಯ ಮೇಲೆ ಬರುವ ಹತ್ತು ಸಹಿಗಳಲ್ಲಿ ಆರು ಮಾರಾಟಗಾರರೇ ಹಾಕಿದವಾಗಿರಬಹುದು. ಆದುದರಿಂದ ಮಾದರಿಯನ್ನು ಗ್ರಂಥಾಲಯ, ವಿಶ್ವವಿದ್ಯಾಲಯ, ಸ್ಮಾರಕ ಭವನ, ಇಲ್ಲವೆ ಸಹಿಯ ಪಡಿಯಚ್ಚು ಸಹಿತ ಪ್ರಕಟವಾದ ಪತ್ರಸಂಪುಟಗಳಿಂದ ಆರಿಸಿಕೊಳ್ಳಬೇಕು. ಒಂದೇ ಮಾದರಿ ಸಾಲದು. ಒಬ್ಬರ ಸಹಿಯೇ ಇಪ್ಪತ್ತರಲ್ಲಿ ಒಂದು ಬಗೆ, ಎಪ್ಪತ್ತರಲ್ಲಿ ಇನ್ನೊಂದು ಬಗೆ. ಮೇಲಾಗಿ ನಮ್ಮ ಸಾಹಿತಿಗಳಿಗೆ ಕಾವ್ಯನಾಮಗಳುಂಟು: ಬೇಂದ್ರೆಯವರು ಅಂಬಿಕಾತನಯದತ್ತ, ಮಾಸ್ತಿಯವರು ಶ್ರೀನಿವಾಸ, ಪುಟ್ಟಪ್ಪನವರು ಕುವೆಂಪು. ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ ಕಡತಕ್ಕೆ ಹಾಕಿದ ಸಹಿಯೂ ಓದುಗನ ಪುಸ್ತಕಕ್ಕೆ ಹಾಕಿಕೊಟ್ಟ ಸಹಿಯೂ ಒಂದೇ ರೀತಿ ಇರಬೇಕಾಗಿಲ್ಲ. ಆಯಾ ಕಾಲದ, ಆಯಾ ಬಗೆಯ ಸಹಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಯುಕ್ತ.

ಕಾಲದ ಪರೀಕ್ಷೆ

ಅತ್ಯಂತ ಸುಲಭವೂ ಖರ್ಚಿಲ್ಲದ್ದೂ ಆದ ಪರೀಕ್ಷೆ ಇದು. ನಮ್ಮ ತಂದೆಯವರು ಮಾಡಿದ್ದೂ ಇದನ್ನೇ. ಪುಸ್ತಕವಾದರೆ ಮುದ್ರಣದ ವರ್ಷವನ್ನೂ ಸಹಿ ಮಾಡಿದವರ ನಿಧನದ ವರ್ಷವನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಮಾಸ್ತಿಯವರು 1986ರಲ್ಲಿ, ಕುವೆಂಪು 1994ರಲ್ಲಿ, ಕಾರಂತರು 1997ರಲ್ಲಿ, ಡಾ. ರಾಜ್‌ಕುಮಾರ್ ಅವರು 2006ರಲ್ಲಿ ನಿಧನರಾದರು. ಮಾರಾಟಗಾರನು ಮುಖಪುಟ ಮತ್ತು ಸಹಿಯಿರುವ ಪುಟಗಳ ಚಿತ್ರವನ್ನು ಮಾತ್ರ ಹಾಕಿದ್ದರೆ, ಮುದ್ರಣದ ವಿವರವಿರುವ ಪುಟದ ಚಿತ್ರವನ್ನು ಕೇಳಿ ತರಿಸಿಕೊಳ್ಳತಕ್ಕದ್ದು. ಕೊಡಲು ಹಿಂಜರಿದರೆ ಅಲ್ಲಿಗೇ ಕೈಬಿಡುವುದು ಲೇಸು.

ಇದೇ ಬಗೆಯ ತರ್ಕವನ್ನು ಲೇಖನಿಗೂ ಅನ್ವಯಿಸಬಹುದು. ಬಾಲ್ ಪಾಯಿಂಟ್ ಪೆನ್ನು ಅಂಗಡಿಗಳಲ್ಲಿ ವ್ಯಾಪಕವಾಗಿ ಮಾರಾಟಕ್ಕೆ ಬಂದದ್ದು 1945ರ ನಂತರ. ಭಾವಚಿತ್ರಗಳ ಮೇಲೆ ಬರೆಯುವ ದಪ್ಪ ಮೊನೆಯ ಮಾರ್ಕರ್ ಪೆನ್ನುಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1960ರ ದಶಕದಿಂದ ಈಚೆಗೆ. ಇದೇ ವಡೋದರಾ ನಗರದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಕಾಲವಾದದ್ದು 1939ರಲ್ಲಿ. ಅವರ ಹೆಸರಿನ ಬಾಲ್ ಪಾಯಿಂಟ್ ಸಹಿಯನ್ನು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಸಾಗಬಹುದು.

ಸ್ಥಳವನ್ನೂ ಪರೀಕ್ಷಿಸಬೇಕು. ಗಾಂಧೀಜಿ 1930ರ ಮಾರ್ಚ್ 12ರಂದು ದಾಂಡಿಗೆ ಹೊರಟವರು ಮತ್ತೆ ಸಾಬರಮತಿ ಆಶ್ರಮದಲ್ಲಿ ನೆಲಸಲಿಲ್ಲ. 1935ರಲ್ಲಿ ಅವರ ವಾಸ ವಾರ್ಧಾದಲ್ಲಿ. ಆ ವರ್ಷದ ತಾರೀಖು ಹಾಕಿ 'ಸಾಬರಮತಿ ಆಶ್ರಮದಿಂದ' ಬರೆದಂತಿರುವ ಪತ್ರವನ್ನು ಕಂಡರೆ ಅನುಮಾನ ಪಡಲೇಬೇಕು. ಅವರ ಸಮಗ್ರ ಬರಹಗಳು ನೂರು ಸಂಪುಟಗಳಲ್ಲಿ ಪ್ರಕಟವಾಗಿದ್ದು, ಹೋಲಿಸಿ ನೋಡುವುದು ಕಷ್ಟವಲ್ಲ. ಗಾಂಧೀಜಿ ಹಸ್ತಾಕ್ಷರಕ್ಕೆ 5 ರೂಪಾಯಿ ತೆಗೆದುಕೊಂಡು ಹರಿಜನ ನಿಧಿಗೆ ಸೇರಿಸುತ್ತಿದ್ದರೆಂಬುದನ್ನೂ, ಬಲಗೈ ದಣಿದಾಗ ಎಡಗೈಯಿಂದ ಬರೆಯುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು. ಎಡಗೈ ಬರಹದ ವಿಷಯ ತಿಳಿಯದವನು ಅವರ ನಿಜವಾದ ಪತ್ರವನ್ನೇ ಖೋಟಾ ಎಂದು ತಳ್ಳಿಹಾಕಿಯಾನು! ಅನುಮಾನವೂ ಅರಿವಿನಿಂದ ಕೂಡಿರಬೇಕು.

ಕೈಯ ಪರೀಕ್ಷೆ

ಇನ್ನು ಸಹಿಯನ್ನೇ ನೋಡೋಣ. ಇದಕ್ಕೆ ಹತ್ತು ಪಟ್ಟು ಹಿಗ್ಗಿಸುವ ಭೂತಕನ್ನಡಿಯೊಂದು ಸಾಕು.

ಸಹಿ ಎಂಬುದು ಅಭ್ಯಾಸದಿಂದ ತಾನಾಗಿ ಹರಿಯುವ ಕ್ರಿಯೆ. ಹಾಕುವವನು ಯೋಚಿಸುವುದಿಲ್ಲ, ಕೈ ಓಡುತ್ತದೆ. ಆದುದರಿಂದ ಗೆರೆಯ ಆರಂಭವೂ ಅಂತ್ಯವೂ ಮೊನಚಾಗಿ, ಮಧ್ಯದಲ್ಲಿ ಒತ್ತಡ ಏರಿಳಿದು ಇರುತ್ತವೆ. ಅನುಕರಿಸುವವನು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತಾನೆ. ಅವನ ಗೆರೆ ನಿಧಾನ, ಆರಂಭದಲ್ಲಿಯೂ ಕೊನೆಯಲ್ಲಿಯೂ ಮೊಂಡು, ನಡುವೆ ಸಣ್ಣ ನಡುಕ, ಅನಾವಶ್ಯಕ ಸ್ಥಳದಲ್ಲಿ ಪೆನ್ನೆತ್ತಿ ಮತ್ತೆ ಇಟ್ಟ ಗುರುತು, ತಿದ್ದಿದ ಗುರುತು. ಆದರೆ ವೃದ್ಧರ, ಅಸ್ವಸ್ಥರ ಸಹಿಯಲ್ಲಿಯೂ ನಡುಕವಿರುತ್ತದೆ. ವೃದ್ಧಾಪ್ಯದ ನಡುಕ ಸಹಿಯ ಉದ್ದಕ್ಕೂ ಹಬ್ಬಿರುತ್ತದೆ. ಅನುಕರಣೆಯ ನಡುಕ ಕಠಿಣವಾದ ತಿರುವುಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಕನ್ನಡ ಸಹಿಯನ್ನು ಕಂಡುಹಿಡಿಯಲು ನಮಗೊಂದು ವಿಶೇಷ ಅನುಕೂಲವಿದೆ. ತಲಕಟ್ಟು, ಗುಡಿಸು, ಕೊಂಬು, ಒತ್ತಕ್ಷರ ಇವನ್ನು ಯಾವ ಕ್ರಮದಲ್ಲಿ ಬರೆಯುತ್ತೇವೆಂಬುದು ಬಾಲ್ಯದಲ್ಲಿ ಸ್ಲೇಟಿನ ಮೇಲೆ ತಿದ್ದಿ ಕೈಗೆ ಕೂತ ಅಭ್ಯಾಸ. ಲಿಪಿ ಬಾರದವನು ಕನ್ನಡ ಸಹಿಯನ್ನು ನಕಲು ಮಾಡಿದಾಗ ಆಕಾರ ಸರಿಯಾಗಿ ಬಂದರೂ ಗೆರೆಗಳ ಕ್ರಮ ತಪ್ಪುತ್ತದೆ. ಒಂದು ಗೆರೆ ಇನ್ನೊಂದನ್ನು ದಾಟುವ ಸ್ಥಳದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ನೋಡಿ, ನೀವೇ ಒಮ್ಮೆ ಅದೇ ಹೆಸರನ್ನು ಬರೆದು ಹೋಲಿಸಿರಿ.

ಸಹಿಯಂತೆ ಕಂಡರೂ ಸಹಿಯಲ್ಲದವು ಇನ್ನೂ ಕೆಲವಿವೆ. ಅಭಿಮಾನಿಗಳಿಗೆ ಕಳಿಸುವ ನಟರ ಭಾವಚಿತ್ರಗಳಲ್ಲಿ ಸಹಿ ಚಿತ್ರದೊಡನೆಯೇ ಅಚ್ಚಾಗಿರುವುದುಂಟು; ಭೂತಕನ್ನಡಿಯಲ್ಲಿ ನೋಡಿದರೆ ಬಣ್ಣದ ಚುಕ್ಕೆಗಳು ಕಾಣುತ್ತವೆ, ಓರೆ ಬೆಳಕಿನಲ್ಲಿ ಶಾಯಿಯ ಹೊಳಪಾಗಲಿ ಪೆನ್ನಿನ ಒತ್ತಾಗಲಿ ಕಾಣುವುದಿಲ್ಲ. ರಬ್ಬರ್ ಮೊಹರಿನ ಸಹಿಯಲ್ಲಿ ಶಾಯಿ ಅಂಚಿನಲ್ಲಿ ದಟ್ಟವಾಗಿಯೂ ನಡುವೆ ತೆಳುವಾಗಿಯೂ ಇರುತ್ತದೆ. ಕಾರ್ಯದರ್ಶಿಗಳು ಯಜಮಾನರ ಪರವಾಗಿ ಹಾಕಿದ ಸಹಿಗಳಿವೆ. ವಿದೇಶಗಳಲ್ಲಿ ನಿಜವಾದ ಪೆನ್ನನ್ನೇ ಹಿಡಿದು ಸಹಿ ಹಾಕುವ ಯಂತ್ರಗಳೂ ಬಹುಕಾಲದಿಂದ ಇವೆ. ಅವುಗಳ ಗೆರೆ ಉದ್ದಕ್ಕೂ ಒಂದೇ ದಪ್ಪ. ಮನುಷ್ಯನು ಎರಡು ಸಲ ಹಾಕಿದ ಸಹಿ ಎಂದಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿರಲಾರದು. ಚೆಕ್ಕಿನ ಸಹಿ ಮಾದರಿಯ ಮೇಲೆ ಇಟ್ಟಂತೆ ಅಚ್ಚುಕಟ್ಟಾಗಿ ಕೂತರೆ, ಅದನ್ನು ಕೆಳಗಿಟ್ಟು ತಿದ್ದಿದ್ದಾರೆಂದು ನಾವು ಬ್ಯಾಂಕಿನವರು ಶಂಕಿಸುತ್ತೇವೆ. ಅತಿಸಾಮ್ಯವೂ ದೋಷವೇ.

ಕ್ರಿಕೆಟ್ ಬ್ಯಾಟುಗಳಲ್ಲಿ ಇನ್ನೊಂದು ಪರೀಕ್ಷೆಯಿದೆ. ನಮ್ಮ ರೋಜರ್ ಬಿನ್ನಿ, ಸೈಯದ್ ಕಿರ್ಮಾನಿ ಅವರಿದ್ದ 1983ರ ವಿಶ್ವಕಪ್ ತಂಡದ ಸಹಿಗಳುಳ್ಳ ಬ್ಯಾಟು ಎಂದರೆ ಅನೇಕರಿಗೆ ಆಸೆ. ಹದಿನಾಲ್ಕು ಜನರ ಸಹಿಯೂ ಒಂದೇ ಒತ್ತಡ, ಒಂದೇ ಓರೆ, ಒಂದೇ ಅಂತರದಲ್ಲಿ ಸಾಲಾಗಿದ್ದರೆ ಒಬ್ಬನೇ ಕುಳಿತು ಬರೆದನೆಂದು ತಿಳಿಯಬೇಕು. ಆ ತಂಡದ ಯಶಪಾಲ್ ಶರ್ಮಾ ಅವರು 2021ರ ಜುಲೈನಲ್ಲಿ ತೀರಿಕೊಂಡರು. ಅದರ ಈಚೆಗೆ ನಡೆದ ಸಮಾರಂಭವೊಂದರಲ್ಲಿ 'ಎಲ್ಲರೂ' ಸಹಿ ಹಾಕಿದರೆಂಬ ವಿವರಣೆ ನಿಲ್ಲದು.

ಕಾಗದದ ಪರೀಕ್ಷೆ

ಬ್ಯಾಂಕಿನ ನಗದು ವಿಭಾಗದಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಎಲ್ಲರೂ ಕಂಡಿರುತ್ತಾರೆ. ಅದೇ ಬೆಳಕನ್ನು ಬೀರುವ ಚಿಕ್ಕ ಟಾರ್ಚುಗಳು ಅಲ್ಪ ಬೆಲೆಗೆ ದೊರೆಯುತ್ತವೆ. ಈಗಿನ ಸಾಮಾನ್ಯ ಬಿಳಿ ಕಾಗದ ಅದರಡಿಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಕಾರಣ, ಹಿಟ್ಲರನ ದಿನಚರಿಯನ್ನು ಬಯಲು ಮಾಡಿದಂಥ ಬಿಳುಪುಕಾರಕವೇ. 1930ರ ಪತ್ರವೆಂದು ಹೇಳುವ ಕಾಗದ ಹೀಗೆ ಥಳಥಳಿಸಿದರೆ ಅದು ಆ ಕಾಲದ್ದಲ್ಲ. ಹಾಗೆಂದು, ಹೊಳೆಯದಿದ್ದ ಮಾತ್ರಕ್ಕೆ ಸಾಚಾ ಎನ್ನಲಾಗದು. ವಂಚಕರು ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನು ಕಿತ್ತು ಬಳಸುತ್ತಾರೆ. ಆಗ ಮಡಿಕೆಗಳನ್ನು ನೋಡಬೇಕು. ಮೊದಲು ಬರೆದು ಆಮೇಲೆ ಮಡಿಸಿದ ಕಾಗದದಲ್ಲಿ ಮಡಿಕೆಯ ಬಳಿ ಶಾಯಿ ಬಿರುಕು ಬಿಟ್ಟಿರುತ್ತದೆ. ಹಳೆಯ ಮಡಿಕೆಯ ಮೇಲೆ ಹೊಸದಾಗಿ ಬರೆದರೆ ಶಾಯಿ ಮಡಿಕೆಯೊಳಗೆ ಹರಡಿರುತ್ತದೆ.

ವೈದ್ಯರು ಒಂದೇ ಲಕ್ಷಣದಿಂದ ರೋಗವನ್ನು ನಿರ್ಧರಿಸುವುದಿಲ್ಲ. ಇಲ್ಲಿಯೂ ಹಾಗೆಯೇ. ಒಂದು ಪರೀಕ್ಷೆಯಲ್ಲಿ ಸೋತರೆ ವಸ್ತು ಖೋಟಾ ಎನ್ನಬಹುದು. ಒಂದರಲ್ಲಿ ಗೆದ್ದಿತೆಂದು ಸಾಚಾ ಎನ್ನಲಾಗದು.

ಪ್ರಮಾಣಪತ್ರದ ಬೆಲೆಯೆಷ್ಟು?

ಸಾಲಕ್ಕೆ ಜಾಮೀನು ಬಂದಾಗ ನಾವು ಜಾಮೀನು ಪತ್ರದ ಅಂದವನ್ನು ನೋಡುವುದಿಲ್ಲ, ಜಾಮೀನುದಾರನ ಯೋಗ್ಯತೆಯನ್ನು ನೋಡುತ್ತೇವೆ. ಸಾಚಾತನದ ಪ್ರಮಾಣಪತ್ರವನ್ನೂ ಹಾಗೆಯೇ ಅಳೆಯಬೇಕು. ಕೊಟ್ಟವರು ಯಾರು? ಯಾವ ಆಧಾರದ ಮೇಲೆ? ತಪ್ಪಾದರೆ ಹಣ ಹಿಂದಿರುಗಿಸುವ ಹೊಣೆ ಯಾರದು? ಮಾರಿದವನೇ ಕೊಟ್ಟ ಪ್ರಮಾಣಪತ್ರವೆಂದರೆ ಸಾಲಗಾರನೇ ತನಗೆ ತಾನು ಜಾಮೀನು ನಿಂತಂತೆ.

ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಎಫ್.ಬಿ.ಐ. ನಡೆಸಿದ 'ಆಪರೇಷನ್ ಬುಲ್‌ಪೆನ್' ಎಂಬ ತನಿಖೆಯಲ್ಲಿ ಖೋಟಾ ಸಹಿಗಳ ದೊಡ್ಡ ಜಾಲವೇ ಸಿಕ್ಕಿಬಿತ್ತು. ಅಲ್ಲಿ ದೊರೆತ ವಸ್ತುಗಳಲ್ಲಿ ಮದರ್ ತೆರೇಸಾ ಅವರ 'ಸಹಿ'ಯುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದವು! ಕಲ್ಕತ್ತೆಯ ಆ ಸಾಧ್ವಿ ಚೆಂಡುಗಳ ಮೇಲೆ ಏಕೆ ಸಹಿ ಹಾಕಿಯಾರು ಎಂದು ಕೊಳ್ಳುವವರು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ಅಂಥ ವಸ್ತುಗಳಿಗೂ ಪ್ರಮಾಣಪತ್ರಗಳು ಇರುತ್ತಿದ್ದವು. ಇಂದು ಪಿ.ಎಸ್.ಎ., ಜೆ.ಎಸ್.ಎ., ಬೆಕೆಟ್ ಮೊದಲಾದ ಅಮೆರಿಕದ ಸಂಸ್ಥೆಗಳು ಪರೀಕ್ಷಿಸಿದ ವಸ್ತುವಿಗೆ ಕ್ರಮಸಂಖ್ಯೆ ಕೊಟ್ಟು ತಮ್ಮ ಜಾಲತಾಣದಲ್ಲಿ ದಾಖಲಿಸುತ್ತವೆ. ಸಂಖ್ಯೆಯನ್ನು ನಾವೇ ಅಲ್ಲಿ ಹುಡುಕಿ, ದಾಖಲೆಯ ವಿವರ ನಮ್ಮ ಮುಂದಿರುವ ವಸ್ತುವಿಗೆ ಹೊಂದುವುದೇ ಎಂದು ನೋಡಬೇಕು. ಅಂಟಿಸಿದ ಚೀಟಿಯನ್ನಷ್ಟೇ ನಂಬಬಾರದು, ಏಕೆಂದರೆ ಚೀಟಿಯನ್ನೂ ನಕಲು ಮಾಡುವವರಿದ್ದಾರೆ.

ಪ್ರಮಾಣಪತ್ರಕ್ಕಿಂತ ಬೆಲೆಯುಳ್ಳದ್ದು ವಸ್ತುವಿನ ವಂಶಾವಳಿ. ಯಾರ ಕೈಗೆ, ಎಲ್ಲಿ, ಯಾವಾಗ ಸಹಿ ದೊರೆಯಿತು, ಅಲ್ಲಿಂದ ಯಾರ ಯಾರ ಮನೆಗೆ ಹೋಯಿತು ಎಂಬುದರ ಕೊಂಡಿ ತಪ್ಪದ ವಿವರ ಇರಬೇಕು. 'ಇಂಥವರಿಗೆ ಪ್ರೀತಿಯಿಂದ' ಎಂದು ಹೆಸರು ಬರೆದ ಸಹಿಗೆ ಪೇಟೆಯಲ್ಲಿ ಕೆಲವೊಮ್ಮೆ ಬೆಲೆ ಕಡಿಮೆ. ಆದರೆ ಪರಿಶೀಲನೆಗೆ ಅದೇ ಉತ್ತಮ, ಏಕೆಂದರೆ ಅಕ್ಷರಗಳು ಹೆಚ್ಚಿದಷ್ಟೂ ವಂಚಕನಿಗೆ ಕಷ್ಟ. ಇದೇ ಕಾರಣದಿಂದ ಪೂರ್ಣ ಪತ್ರ ಮೇಲು, ಬರಹ ಸಹಿತವಾದ ಪುಸ್ತಕ ಅದರ ನಂತರ, ಕತ್ತರಿಸಿ ತೆಗೆದ ಬರಿಯ ಸಹಿಯ ಚೂರು ಎಲ್ಲಕ್ಕೂ ಕೊನೆ.

ಕಾನೂನು ಮತ್ತು ಹಣ

ಖೋಟಾ ಸಹಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಕೆನರಾ ಬ್ಯಾಂಕ್ ಮತ್ತು ಕೆನರಾ ಸೇಲ್ಸ್ ಕಾರ್ಪೊರೇಷನ್ ನಡುವಿನ ಮೊಕದ್ದಮೆಯಲ್ಲಿ 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗ್ರಾಹಕನ ಸಹಿ ಖೋಟಾ ಆಗಿದ್ದರೆ ಹಣ ಕೊಡಲು ಬ್ಯಾಂಕಿಗೆ ಆದೇಶವೇ ಇಲ್ಲವೆಂದು ತೀರ್ಪಿತ್ತಿತು. ಅಲ್ಲಿ ಒಂದಲ್ಲ, ಹಲವಾರು ಖೋಟಾ ಚೆಕ್ಕುಗಳು ಅಭ್ಯಾಸವುಳ್ಳ ಕಣ್ಣುಗಳನ್ನೂ ದಾಟಿ ಹೋಗಿದ್ದವು. ಕಣ್ಣನ್ನೊಂದೇ ನಂಬಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಭಾರಿ ಬೆಲೆಯ ವಸ್ತುವಾದರೆ ದಾಖಲೆ ಪರೀಕ್ಷೆಯ ತಜ್ಞರನ್ನು ಕಾಣುವುದು ಮೇಲು. ಈ ಶಾಸ್ತ್ರವನ್ನು ಕಲಿಸುವ ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯ ಇಲ್ಲಿಯೇ ಗಾಂಧಿನಗರದಲ್ಲಿದೆ.

ಇನ್ನೊಂದು ವಿಷಯ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ, 75 ವರ್ಷಗಳಿಗೆ ಕಡಿಮೆಯಿಲ್ಲದ ಹಸ್ತಪ್ರತಿ ಮತ್ತು ದಾಖಲೆಗಳು ಪ್ರಾಚೀನ ವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಗಾಂಧೀಜಿಯ ಪತ್ರವನ್ನು ಉಡುಗೊರೆಯಾಗಿ ಕೊಂಡೊಯ್ಯಬೇಕೆನ್ನುವವರು ಇದನ್ನು ಮರೆಯಬಾರದು.

ಅಹಮದಾಬಾದಿನಲ್ಲಿ ಸಾಬರಮತಿಯ ದಡದ ಭಾನುವಾರದ ಗುಜರಿ ಬಜಾರಿನಲ್ಲಿಯಾದರೆ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ ಹಣ ಕೊಡುತ್ತೇವೆ. ಅಂತರಜಾಲದಲ್ಲಿ ಮೊದಲು ಹಣ, ಆಮೇಲೆ ವಸ್ತು. ಆದುದರಿಂದ ಕೆಲವು ಎಚ್ಚರಿಕೆಗಳು ಅವಶ್ಯ. ಅಪರಿಚಿತನ ಖಾತೆಗೆ ಯು.ಪಿ.ಐ. ಮೂಲಕ ನೇರವಾಗಿ ಹಣ ಕಳಿಸಬೇಡಿ. ಹೋದ ಹಣ ಹಿಂದಕ್ಕೆ ಬರುವುದು ಕಷ್ಟ. ಮಾರಾಟ ತಾಣದ ಮೂಲಕವೇ, ಸಾಧ್ಯವಾದರೆ ಕ್ರೆಡಿಟ್ ಕಾರ್ಡಿನಿಂದ ಪಾವತಿ ಮಾಡಿದರೆ ತಕರಾರು ಸಲ್ಲಿಸಲು ದಾರಿಯಿರುತ್ತದೆ. ಜಾಹೀರಾತಿನ ಪುಟವನ್ನೂ ಮಾರಾಟಗಾರನೊಡನೆ ನಡೆದ ಮಾತುಕತೆಯನ್ನೂ ಉಳಿಸಿಕೊಳ್ಳಿ. ಪೊಟ್ಟಣ ಬಂದ ದಿನವೇ ಬಿಚ್ಚಿ, ಬಿಚ್ಚುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ನನ್ನಂತೆ ಹುಟ್ಟುಹಬ್ಬದವರೆಗೆ ಕಾಯಬೇಡಿ.

ಮೋಸವಾದರೆ ಸುಮ್ಮನಿರಬೇಕಾಗಿಲ್ಲ. 2020ರ ಇ-ವಾಣಿಜ್ಯ ನಿಯಮಗಳಂತೆ ಮಾರಾಟ ತಾಣದ ದೂರು ಅಧಿಕಾರಿಯು 48 ಗಂಟೆಗಳಲ್ಲಿ ದೂರು ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣಕಾಸಿನ ಸೈಬರ್ ವಂಚನೆಗೆ 1930. 2019ರ ಗ್ರಾಹಕ ರಕ್ಷಣಾ ಕಾಯಿದೆಯಡಿ ನಾವು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ, ದೂರು ಹೂಡಬಹುದು.

ಮನೆಯಲ್ಲಿಯೇ ಇರುವ ನಿಧಿ

ಕಡೆಯದಾಗಿ ಒಂದು ಮಾತು. ಮೇಲಿನ ಘಟನೆ ನಡೆದ ಕೆಲವು ದಿನಗಳ ನಂತರ ತಂದೆಯವರು ತಮ್ಮ ಟ್ರಂಕಿನಿಂದ ಅಂಗೈಯಗಲದ ಒಂದು ನೋಟುಪುಸ್ತಕವನ್ನು ತೆಗೆದು ನನ್ನ ಮುಂದಿಟ್ಟರು. ಕಾಲೇಜಿನ ದಿನಗಳಲ್ಲಿ ಸಾಧನಕೇರಿಗೆ ಗೆಳೆಯರೊಡನೆ ಹೋಗಿ ಪಡೆದ ಬೇಂದ್ರೆಯವರ ಸಹಿ ಅದರಲ್ಲಿತ್ತು. ಶಾಯಿ ಮಾಸಿದೆ, ಹಾಳೆಯ ಮೂಲೆ ಹರಿದಿದೆ. ನಾನು 4,500 ರೂಪಾಯಿ ತೆತ್ತು ತಂದ ಸಹಿಯಷ್ಟು ಅದು ಅಂದವಾಗಿಲ್ಲ. ಅಷ್ಟು ವರ್ಷ ಅದು ನಮ್ಮ ಮನೆಯಲ್ಲಿಯೇ ಇದ್ದರೂ ನಾನೆಂದೂ ಕೇಳಿರಲಿಲ್ಲ, ಅವರೆಂದೂ ಹೇಳಿರಲಿಲ್ಲ.

ಕುವೆಂಪು ಮತ್ತು ಗುಜರಾತಿ ಕವಿ ಉಮಾಶಂಕರ ಜೋಶಿಯವರು 1967ರ ಜ್ಞಾನಪೀಠ ಪ್ರಶಸ್ತಿಯನ್ನು ಹಂಚಿಕೊಂಡವರು. ಈ ಎರಡು ನಾಡುಗಳ ನಡುವೆ ಬಾಳುತ್ತಿರುವ ನಮ್ಮ ಮನೆಗಳ ಅಟ್ಟಗಳಲ್ಲಿ, ಹಿರಿಯರ ಪೆಟ್ಟಿಗೆಗಳಲ್ಲಿ ಇಂಥ ಪತ್ರಗಳು, ಸಹಿಗಳು ಎಷ್ಟಿವೆಯೋ! ಮನೆ ಬದಲಿಸುವಾಗ ಅವು ಪಸ್ತಿಯವನ ತಕ್ಕಡಿಗೆ ಬೀಳುತ್ತವೆ. ಆದುದರಿಂದ ವಾಚಕರಲ್ಲಿ ನನ್ನ ವಿನಂತಿ: ಹೊಸದನ್ನು ಕೊಳ್ಳುವ ಮೊದಲು ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆಯಿರಿ. ದೊರೆತದ್ದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಅಂಟುಪಟ್ಟಿ ಹಚ್ಚಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ತೇವವಿಲ್ಲದ ಕಪಾಟಿನಲ್ಲಿಡಿ. ಹಿರಿಯರನ್ನು ಕೂರಿಸಿಕೊಂಡು, ಯಾವ ದಿನ, ಎಲ್ಲಿ, ಯಾರ ಜೊತೆಯಲ್ಲಿ ಅದು ದೊರೆಯಿತೆಂದು ಬೇರೊಂದು ಹಾಳೆಯಲ್ಲಿ ಬರೆದು, ಅವರ ಕೈಯಿಂದಲೇ ಸಹಿ ಹಾಕಿಸಿ, ತಾರೀಖು ನಮೂದಿಸಿ ಜೊತೆಗಿಡಿ. ನಾನೂ ಹಾಗೆಯೇ ಮಾಡಿದ್ದೇನೆ. ಆ ಹಾಳೆಯ ಕೊನೆಯಲ್ಲಿ ನಡುಗುವ ಕೈಯಿಂದ ನಮ್ಮ ತಂದೆಯವರು ಹಾಕಿದ ಸಹಿಯಿದೆ. ಅದರ ಸಾಚಾತನಕ್ಕೆ ನನಗೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ.